ಮನೆ ಕಂಪ್ಯೂಟರ್ ಎಷ್ಟು ಕರೆಂಟು ಎಳೆಯುತ್ತದೆ?

ಓದುಗರ ಪ್ರಶ್ನೆಗಳಿಗೆ ಮೈಸೂರಿನ ಸರಸ್ವತಿಪುರಂನಿಂದ ನಿವೃತ್ತ ಎಲೆಕ್ಟ್ರಿಕಲ್ ಲ್ಯಾಬ್ ಬೋಧಕರ ಉತ್ತರ

ಪ್ರಶ್ನೆ: ನಮ್ಮ ಮಗಳು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಅವಳ ಓದಿಗೆಂದು ಹೋದ ತಿಂಗಳು ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆವು. ಅಲ್ಲಿಯವರೆಗೆ ತಿಂಗಳಿಗೆ 174 ಯೂನಿಟ್ ಆಸುಪಾಸು ಬರುತ್ತಿತ್ತು. ಗೃಹಜ್ಯೋತಿ ಇದ್ದುದರಿಂದ ಬಿಲ್ ಸೊನ್ನೆ. ಈ ತಿಂಗಳು 212 ಯೂನಿಟ್ ಬಂದಿದೆ. ಇನ್ನೂರು ದಾಟಿದ್ದಕ್ಕೆ ಪೂರ್ತಿ ಬಿಲ್ ಕಟ್ಟಬೇಕಾಯಿತು, ಒಂದೂವರೆ ಸಾವಿರದ ಮೇಲೆ. ಕಂಪ್ಯೂಟರ್ ಒಳಗಿನ ಎಸ್‌ಎಂಪಿಎಸ್ ಮೇಲೆ 550 ವ್ಯಾಟ್ ಎಂದು ಬರೆದಿದೆ. ನಮ್ಮ ಮಾವನವರು ಅದನ್ನು ನೋಡಿ, ದಿನಕ್ಕೆ ಹತ್ತು ಗಂಟೆ ಹಾಕಿದರೆ ಐದೂವರೆ ಯೂನಿಟ್, ತಿಂಗಳಿಗೆ 165 ಯೂನಿಟ್ ಇದೊಂದೇ ತಿನ್ನುತ್ತಿದೆ ಎಂದು ಲೆಕ್ಕ ಹಾಕಿದ್ದಾರೆ. ಸಂಜೆ ಆರರ ಮೇಲೆ ಕಂಪ್ಯೂಟರ್ ಹಾಕಬಾರದು ಎಂದಿದ್ದಾರೆ. ಮಗಳು ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಳೆ. ಇದನ್ನು ಮನೆಯಲ್ಲೇ ಅಳೆದು ನೋಡಲು ಆಗುತ್ತದೆಯೇ ಸರ್?
– ಓದುಗರು, ವಿದ್ಯಾನಗರ, ಮಂಡ್ಯ

ಉತ್ತರ: ಖಂಡಿತ ಆಗುತ್ತದೆ ಅಮ್ಮ. ಎರಡು ದಾರಿ ಇವೆ. ಒಂದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಅದಕ್ಕೂ ಮೊದಲು ಕೈಯಲ್ಲಿರುವ ಬಿಲ್ಲನ್ನೇ ಸ್ವಲ್ಪ ನೋಡೋಣ. ಅರ್ಧ ಉತ್ತರ ಅದರಲ್ಲೇ ಇದೆ.

ಮಾವನವರ ಗುಣಾಕಾರ ಸರಿಯಾಗಿಯೇ ಇದೆ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಆದರೆ ಕಂಪ್ಯೂಟರ್ ಒಂದೇ 165 ಯೂನಿಟ್ ಎಳೆದಿದ್ದರೆ ನಿಮ್ಮ ಬಿಲ್ 174ರ ಜೊತೆ 165 ಸೇರಿ 339ಕ್ಕೆ ಹೋಗಬೇಕಿತ್ತು. ಬಂದಿರುವುದು 212. ಏರಿದ್ದು 38 ಯೂನಿಟ್ ಮಾತ್ರ. ಅಷ್ಟನ್ನೂ ಕಂಪ್ಯೂಟರ್ ತಲೆಗೇ ಕಟ್ಟಿದರೂ ದಿನಕ್ಕೆ 1.27 ಯೂನಿಟ್ ಆಯಿತು. ಹತ್ತು ಗಂಟೆಗೆ ಹಂಚಿದರೆ ಸರಾಸರಿ 127 ವ್ಯಾಟ್. ಮನೆಯ ಬೇರೆ ಬಳಕೆ ಮೊದಲಿನಷ್ಟೇ ಇದ್ದರೆ ಕಂಪ್ಯೂಟರ್ ಇದಕ್ಕಿಂತ ಜಾಸ್ತಿ ಎಳೆದಿರಲು ಸಾಧ್ಯವೇ ಇಲ್ಲ.

ಹಾಗಾದರೆ ಆ 550 ಏನು? ಎಸ್‌ಎಂಪಿಎಸ್ ಅಂದರೆ ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟ್‌ಗೆ ಇಳಿಸಿ ಒಳಗಿನ ಭಾಗಗಳಿಗೆ ಕೊಡುವ ಪೆಟ್ಟಿಗೆ. 550 ವ್ಯಾಟ್ ಎಂಬುದು ಅದು ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬ ಮಾತು. ಒಳಗಿನವರು 60 ವ್ಯಾಟ್ ಕೇಳಿದರೆ ಅದು 60 ಕೊಡುತ್ತದೆ, 200 ಕೇಳಿದರೆ 200. ಕೊಡುವಾಗ ಸ್ವಲ್ಪ ಶಾಖವಾಗಿ ಹೋಗುತ್ತದೆ. '80 ಪ್ಲಸ್' ಗುರುತಿನ ಪೆಟ್ಟಿಗೆಯಾದರೆ, ಅದರ ಮಿತಿಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕೇಳಿದಾಗ, ಗೋಡೆಯಿಂದ ಎಳೆದದ್ದರಲ್ಲಿ ಕನಿಷ್ಠ ಶೇ 80 ಒಳಗೆ ತಲುಪುತ್ತದೆ. ಹಾಗಾಗಿ ಒಳಗೆ 120 ವ್ಯಾಟ್ ಬೇಕಿದ್ದರೆ ಗೋಡೆಯಿಂದ 150 ಹೋಗಬಹುದು. ಪಾಲಿಟೆಕ್ನಿಕ್ ಲ್ಯಾಬ್‌ಗೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಮೊದಲು ಹೇಳುತ್ತಿದ್ದುದೇ ಇದನ್ನು: ಲೇಬಲ್ ನೋಡಿ ಉತ್ತರ ಬರೆಯಬೇಡಿ, ಮೀಟರ್ ನೋಡಿ ಬರೆಯಿರಿ.

ಈಗ ಖರ್ಚಿಲ್ಲದ ದಾರಿ. ಮನೆ ಮುಂದೆ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಮೀಟರ್ ಇದೆಯಲ್ಲ, ಅದರ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. 3200 ಅಥವಾ 1600 ಇರುವುದು ಸಾಮಾನ್ಯ. 3200 ಇದ್ದರೆ ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್ ಆಯಿತು ಎಂದರ್ಥ.

ಮಾಡಬೇಕಾದ್ದು ಇಷ್ಟು. ಫ್ರಿಜ್ಜು, ಫ್ಯಾನು, ಟಿವಿ, ಮೋಟಾರು, ದೇವರ ಮನೆಯ ಸಣ್ಣ ಬಲ್ಬು ಎಲ್ಲವನ್ನೂ ಹದಿನೈದು ನಿಮಿಷ ಆರಿಸಿ. ಮನೆಗೆ ಇನ್ವರ್ಟರ್ ಇದ್ದರೆ ಅದಕ್ಕೆ ಕರೆಂಟು ಕೊಡುವ ಗೋಡೆಯ ಸ್ವಿಚ್ಚನ್ನೂ ಆರಿಸಿ. ಇದನ್ನು ಮರೆಯುವವರೇ ಜಾಸ್ತಿ. ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಅದರ ಕರೆಂಟೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಕಂಪ್ಯೂಟರ್ ಇನ್ವರ್ಟರ್ ಲೈನಿನಲ್ಲಿದ್ದರೆ ಮೊದಲು ಶಟ್‌ಡೌನ್ ಮಾಡಿ, ಬೇರೆ ಪ್ಲಗ್ಗಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ಅದು ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಹೊರಗಿನ ಮೀಟರ್‌ಗೆ ಗೊತ್ತೇ ಆಗುವುದಿಲ್ಲ.

ಎಲ್ಲ ಆರಿದ ಮೇಲೆ ದೀಪ ಮಿಣುಕುವುದು ನಿಲ್ಲಬೇಕು. ನಿಲ್ಲದಿದ್ದರೆ ಏನೋ ಒಂದು ಇನ್ನೂ ಹಾಕಿಕೊಂಡೇ ಇದೆ, ಹುಡುಕಿ. ಏನೂ ಸಿಗದಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ನಿಂತಿದ್ದರೆ ಮಗಳಿಗೆ ಕಂಪ್ಯೂಟರ್ ಹಾಕಿ ದಿನಾ ಮಾಡುವ ಕೆಲಸ ಮಾಡಲು ಹೇಳಿ. ಮಾವನವರ ಕೈಗೆ ಗಡಿಯಾರ ಕೊಡಿ. ಒಂದು ಮಿಣುಕು ಬಂದ ಕ್ಷಣ ಶುರು ಮಾಡಿ, ಅದನ್ನು ಸೊನ್ನೆ ಎಂದು ಹಿಡಿದು ಮುಂದಿನ ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಆಯಿತು ನೋಡಿ. 3200ರ ಮೀಟರ್ ಆದರೆ 11250ನ್ನು ಆ ಸೆಕೆಂಡಿನಿಂದ ಭಾಗಿಸಿ. 1600ರ ಮೀಟರ್ ಆದರೆ 22500ನ್ನು. ಬರುವ ಸಂಖ್ಯೆಯೇ ವ್ಯಾಟ್. ಉದಾಹರಣೆಗೆ, 3200ರ ಮೀಟರ್‌ನಲ್ಲಿ ಹತ್ತು ಮಿಣುಕಿಗೆ 90 ಸೆಕೆಂಡ್ ಆದರೆ 125 ವ್ಯಾಟ್. 180 ಸೆಕೆಂಡ್ ಆದರೆ 62.5.

ಮಾವನವರನ್ನೇ ಮುಂದೆ ನಿಲ್ಲಿಸಿ ಎಂದು ನಾನು ಬೇಕೆಂದೇ ಹೇಳುತ್ತಿದ್ದೇನೆ. ಅವರಿಗೆ ಲೆಕ್ಕದಲ್ಲಿ ಆಸಕ್ತಿ ಇದೆ. ಅವರೇ ಎಣಿಸಿದ ಅಂಕಿಯನ್ನು ಅವರು ನಂಬುತ್ತಾರೆ, ನಾನು ಇಲ್ಲಿ ಬರೆದದ್ದನ್ನಲ್ಲ.

ಎರಡನೇ ದಾರಿ ಪ್ಲಗ್ ಮೀಟರ್. ಗೋಡೆಯ ಸಾಕೆಟ್‌ಗೆ ಅದನ್ನು ಚುಚ್ಚಿ, ಅದಕ್ಕೆ ಕಂಪ್ಯೂಟರ್‌ನ ಸ್ಪೈಕ್ ಗಾರ್ಡ್ ಚುಚ್ಚುವುದು. ಸಿಪಿಯು, ಮಾನಿಟರ್, ಸ್ಪೀಕರ್ ಎಲ್ಲ ಸೇರಿ ಎಷ್ಟು ವ್ಯಾಟ್ ಎಂದು ತೋರಿಸುತ್ತದೆ. ನಮ್ಮ ಪಿನ್ನಿಗೆ ಹೊಂದುವಂಥದ್ದು, ಆಂಪಿಯರ್ ಎಷ್ಟು ಎಂದು ಬರೆದಿರುವಂಥದ್ದು ನೋಡಿ ತೆಗೆದುಕೊಳ್ಳಿ. ವೈಫೈ ಸ್ಮಾರ್ಟ್ ಪ್ಲಗ್‌ಗಳಲ್ಲಿ ಕೆಲವಕ್ಕೆ ಈ ಅಳತೆ ಇರುತ್ತದೆ, ಕೆಲವಕ್ಕೆ ಬರೀ ಆನ್-ಆಫ್. ಕೇಳಿಯೇ ಕೊಳ್ಳಿ.

ಇದರ ನಿಜವಾದ ಉಪಯೋಗ ಆ ಕ್ಷಣದ ವ್ಯಾಟ್ ನೋಡುವುದರಲ್ಲಿಲ್ಲ. ಕಂಪ್ಯೂಟರ್‌ನ ವ್ಯಾಟ್ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಒಂದು ಫೈಲ್ ತೆರೆದರೆ ಏರುತ್ತದೆ, ಓದುತ್ತಾ ಕೂತರೆ ಇಳಿಯುತ್ತದೆ. ಹಾಗಾಗಿ ಮೀಟರ್‌ನಲ್ಲಿ ಯೂನಿಟ್ ಕೂಡಿಸಿಕೊಳ್ಳುವ ಲೆಕ್ಕವನ್ನು ಸೊನ್ನೆ ಮಾಡಿ ಒಂದು ವಾರ ಹಾಗೇ ಬಿಡಿ. ಮಗಳು ತನ್ನ ಪಾಡಿಗೆ ಓದಲಿ, ಕೆಲಸ ಮಾಡಲಿ. ವಾರದ ಕೊನೆಗೆ ಬಂದ ಯೂನಿಟ್ಟನ್ನು 7ರಿಂದ ಭಾಗಿಸಿ 30ರಿಂದ ಗುಣಿಸಿ. ಇದಕ್ಕಿಂತ ಗಟ್ಟಿ ಉತ್ತರ ಇನ್ನೊಂದಿಲ್ಲ.

ಅಂದಾಜಿಗೆ ನಮ್ಮ ಮನೆಯ ಅಂಕಿ ಹೇಳುತ್ತೇನೆ. ನನ್ನದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಡೆಸ್ಕ್‌ಟಾಪ್, 22 ಇಂಚಿನ ಎಲ್‌ಇಡಿ ಮಾನಿಟರ್. ಸುಮ್ನೆ ಹಾಕಿಟ್ಟಿದ್ದರೆ ಎರಡೂ ಸೇರಿ 58 ವ್ಯಾಟ್. ಬರೆಯುವುದು, ಓದುವುದು, ಇಂಟರ್ನೆಟ್ಟು ಎಂದರೆ 65. ವಿಡಿಯೋ ಎಡಿಟ್ ಮಾಡಿ ಹೊರತೆಗೆಯುವಾಗ 115. ಸ್ಲೀಪ್‌ನಲ್ಲಿ 3. ಪಕ್ಕದ ಬೀದಿಯ ಹುಡುಗನ ಕಂಪ್ಯೂಟರಿಗೂ ಇದೇ ಮೀಟರ್ ಹಾಕಿ ನೋಡಿದ್ದೆ. ಅದರಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಆ ಕಾರ್ಡ್ ಒಂದಕ್ಕೇ ಕಂಪನಿ ಹೇಳಿರುವ ಮಿತಿ 170 ವ್ಯಾಟ್. ಸುಮ್ನೆ ಇದ್ದಾಗ 85, ಮಾಮೂಲಿ ಕೆಲಸಕ್ಕೆ 95, ಗೇಮ್ ಆಡುವಾಗ 290 ಆಸುಪಾಸು ಬಂತು.

ಇದನ್ನು ನಿಮ್ಮ ಮನೆಗೆ ಹೊಂದಿಸಿ. ಹತ್ತು ಗಂಟೆಯಲ್ಲಿ ಏಳು ಗಂಟೆ ಮಾಮೂಲಿ ಕೆಲಸ, ಒಂದು ಗಂಟೆ ಭಾರದ ಕೆಲಸ, ಊಟ ತಿಂಡಿಗೆ ಎದ್ದು ಹೋದಾಗ ಎರಡು ಗಂಟೆ ಸುಮ್ನೆ ಉರಿಯುವುದು ಎಂದಿಟ್ಟುಕೊಳ್ಳಿ. ನನ್ನಂಥ ಕಂಪ್ಯೂಟರ್ ಆದರೆ ತಿಂಗಳಿಗೆ 21 ಯೂನಿಟ್ ಆಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವುದಾದರೆ 34. ಅಂದರೆ ಕಂಪ್ಯೂಟರ್‌ದು ಏನೂ ಪಾಲಿಲ್ಲ ಎಂದು ನಾನು ಹೇಳುತ್ತಿಲ್ಲ. ಪಾಲಿದೆ. ಆದರೆ ಅದು 165 ಅಲ್ಲ.

ಮಿಕ್ಕದ್ದು ಎಲ್ಲಿಂದ ಬಂತು? ಬಿಲ್‌ನಲ್ಲಿ ಹಿಂದಿನ ರೀಡಿಂಗ್ ತಾರೀಕು, ಈಗಿನ ತಾರೀಕು ಎರಡೂ ಇರುತ್ತವೆ. ಎಷ್ಟು ದಿನ ಎಂದು ಎಣಿಸಿ. ನಿಮ್ಮ ಮನೆ ದಿನಕ್ಕೆ 5.8 ಯೂನಿಟ್ ಬಳಸುತ್ತಿತ್ತು. ರೀಡಿಂಗ್ ಮೂರು ದಿನ ತಡವಾಗಿದ್ದರೆ ಏನೂ ಹೊಸದು ಕೊಳ್ಳದೆಯೂ 17 ಯೂನಿಟ್ ಏರುತ್ತದೆ. ಇನ್ನೊಂದು ಗೀಸರ್. 2000 ವ್ಯಾಟ್ ಗೀಸರ್ ದಿನಕ್ಕೆ ಒಂದು ನಿಮಿಷ ಜಾಸ್ತಿ ಉರಿದರೆ ತಿಂಗಳಿಗೆ ಒಂದು ಯೂನಿಟ್ ಜಾಸ್ತಿ. ಈ ಲೆಕ್ಕ ನೆನಪಿಟ್ಟುಕೊಳ್ಳಲು ಸುಲಭ. ಚಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಹೆಚ್ಚು ಹಾಕಿದರೆ 20 ಯೂನಿಟ್. ಮಗಳ ಇಡೀ ತಿಂಗಳ ಓದಿನಷ್ಟು!

ಗೃಹಜ್ಯೋತಿ ವಿಷಯ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿ ನಿಮ್ಮ ಉಚಿತ ಮಿತಿ ಗೊತ್ತು ಮಾಡಿರುತ್ತಾರೆ. ಆ ಮಿತಿ ದಾಟಿದರೂ 200ರ ಒಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಕಟ್ಟಬೇಕು. ನೀವು ದಾಟಿರುವುದು ಬರೀ 12 ಯೂನಿಟ್. ಇದಕ್ಕಾಗಿ ಕಂಪ್ಯೂಟರ್‌ಗೆ ಬಟ್ಟೆ ಹೊದಿಸಿ ಇಡಬೇಕಿಲ್ಲ. ಹದಿನೈದು ನಿಮಿಷ ಮುಟ್ಟದಿದ್ದರೆ ಸ್ಲೀಪ್‌ಗೆ ಹೋಗುವಂತೆ ಸೆಟ್ಟಿಂಗ್ ಮಾಡಿಸಿ, ಮೂರರಿಂದ ಐದು ಯೂನಿಟ್ ಉಳಿಯುತ್ತದೆ. ಗೀಸರ್ ದಿನಕ್ಕೆ ಹನ್ನೆರಡು ನಿಮಿಷ ಕಡಿಮೆ ಮಾಡಿ. ಆಯಿತಲ್ಲ. ನಿಮ್ಮ ಮನೆ ಬಿಲ್‌ನಲ್ಲಿ ಹಗಲಿಗೊಂದು ಸಂಜೆಗೊಂದು ದರ ಇಲ್ಲ, ಹಾಗಾಗಿ ಸಂಜೆಯ ಓದನ್ನು ಹಗಲಿಗೆ ತಳ್ಳುವುದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ದಯವಿಟ್ಟು ಆ ಹುಡುಗಿಯನ್ನು ಇವತ್ತೇ ಓದಲು ಬಿಡಿ. ಅಳತೆ ಮುಗಿಯುವವರೆಗೂ ಕಾಯಿಸಬೇಡಿ.

ಪ್ರಶ್ನೆ: ನಮ್ಮ ಎಲೆಕ್ಟ್ರಿಷಿಯನ್ ಕಂಪ್ಯೂಟರ್ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ 0.8 ಆಂಪಿಯರ್ ಎಂದರು. 230ರಿಂದ ಗುಣಿಸಿದರೆ 184 ವ್ಯಾಟ್. ನಾನು ತರಿಸಿದ ಪ್ಲಗ್ ಮೀಟರ್ ಅದೇ ಹೊತ್ತಿಗೆ 110 ತೋರಿಸಿತು. ಯಾವುದು ಕೆಟ್ಟಿದೆ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಎರಡೂ ಚೆನ್ನಾಗಿಯೇ ಇವೆ. ಕ್ಲ್ಯಾಂಪ್ ಮೀಟರ್ ಆಂಪಿಯರ್ ಅಳೆಯುತ್ತದೆ. ಅದನ್ನು ವೋಲ್ಟ್‌ನಿಂದ ಗುಣಿಸಿದರೆ ಬರುವುದು ವೋಲ್ಟ್-ಆಂಪಿಯರ್, ಅಂದರೆ ವಿಎ. ಇಸ್ತ್ರಿ ಪೆಟ್ಟಿಗೆ, ಗೀಸರ್‌ಗೆ ವಿಎ ಮತ್ತು ವ್ಯಾಟ್ ಒಂದೇ. ಕಂಪ್ಯೂಟರ್‌ಗೆ ಹಾಗಲ್ಲ. ಅಗ್ಗದ ಎಸ್‌ಎಂಪಿಎಸ್ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ. ವೋಲ್ಟೇಜು ತುದಿ ಮುಟ್ಟಿದ ಹೊತ್ತಿನಲ್ಲಿ ಮಾತ್ರ ಗಬಕ್ಕನೆ ಎಳೆದುಕೊಳ್ಳುತ್ತದೆ. ಹಾಗಾಗಿ ಆಂಪಿಯರ್ ಜಾಸ್ತಿ ಕಾಣುತ್ತದೆ, ನಿಜವಾಗಿ ಬಳಸಿದ್ದು ಕಡಿಮೆ. ನಿಮ್ಮ 110ನ್ನು 184ರಿಂದ ಭಾಗಿಸಿದರೆ 0.6. ಇದಕ್ಕೇ ಪವರ್ ಫ್ಯಾಕ್ಟರ್ ಎನ್ನುವುದು. ಪವರ್ ಫ್ಯಾಕ್ಟರ್ ಸರಿಪಡಿಸುವ ವ್ಯವಸ್ಥೆ ಇರುವ ಒಳ್ಳೆ ಎಸ್‌ಎಂಪಿಎಸ್‌ಗಳಲ್ಲಿ, ಲೋಡ್ ಸಾಕಷ್ಟಿದ್ದರೆ, ಇದು 0.9ರ ಮೇಲಿರುತ್ತದೆ.

ಮನೆ ಬಿಲ್ ಬರುವುದು ವ್ಯಾಟ್ ಲೆಕ್ಕದಲ್ಲಿ, ಹಾಗಾಗಿ ಬಿಲ್‌ಗೆ 110 ಹಿಡಿಯಿರಿ. ಯುಪಿಎಸ್ ಕೊಳ್ಳಲು ಹೊರಟರೆ 184ನ್ನೂ ನೋಡಬೇಕು, ಏಕೆಂದರೆ ಯುಪಿಎಸ್‌ಗೆ ಎರಡು ಮಿತಿ ಇರುತ್ತವೆ. 600 ವಿಎ ಎಂದು ಮಾರುವ ಪೆಟ್ಟಿಗೆಗಳ ವ್ಯಾಟ್ ಮಿತಿ ಸಾಮಾನ್ಯವಾಗಿ 360. ಇನ್ನೊಂದು ಮಾತು. ಕ್ಲ್ಯಾಂಪ್ ಮೀಟರನ್ನು ಇಡೀ ಕಂಪ್ಯೂಟರ್ ಕೇಬಲ್ ಸುತ್ತ ಹಾಕಿದರೆ ಸೊನ್ನೆ ತೋರಿಸುತ್ತದೆ, ಹೋಗುವ ಬರುವ ಕರೆಂಟು ಒಂದನ್ನೊಂದು ಕಳೆದುಬಿಡುತ್ತವೆ. ಫೇಸ್ ವೈರ್ ಒಂದನ್ನೇ ಬೇರೆ ಮಾಡಿ ಹಾಕಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ. ಕಂಪ್ಯೂಟರ್ ಕೇಬಲ್ಲಿನ ಸಿಪ್ಪೆ ಸುಲಿಯಲು ನೀವು ಹೋಗಬೇಡಿ.

ಪ್ರಶ್ನೆ: ಮೀಟರ್ ಯಾಕೆ ಬೇಕು? ಕಂಪ್ಯೂಟರ್‌ನಲ್ಲೇ ವ್ಯಾಟ್ ತೋರಿಸುವ ಸಾಫ್ಟ್‌ವೇರ್ ಇದೆಯಲ್ಲ? ನನ್ನದರಲ್ಲಿ ಬರೀ 14 ವ್ಯಾಟ್ ಅಂತ ಬರುತ್ತಿದೆ.
– ಓದುಗರು, ವಿಜಯನಗರ, ಮೈಸೂರು

ಉತ್ತರ: ಆ 14 ಪ್ರೊಸೆಸರ್ ಚಿಪ್ ಒಂದರದ್ದು. 2011ರ ಸ್ಯಾಂಡಿಬ್ರಿಡ್ಜ್ ಪೀಳಿಗೆಯಿಂದ ಇಂಟೆಲ್ ತನ್ನ ಪ್ರೊಸೆಸರ್‌ಗಳ ಒಳಗೇ ಈ ಲೆಕ್ಕ ಇಡುತ್ತಿದೆ. ಹೆಚ್‌ಡಬ್ಲ್ಯೂಇನ್ಫೋದಂಥ ಸಾಫ್ಟ್‌ವೇರ್ ಅದನ್ನು ಓದಿ ತೋರಿಸುತ್ತದೆ. ಮದರ್‌ಬೋರ್ಡ್, ಡಿಸ್ಕ್, ಫ್ಯಾನ್, ಮಾನಿಟರ್, ಎಸ್‌ಎಂಪಿಎಸ್‌ನಲ್ಲಿ ಶಾಖವಾಗಿ ಹೋದದ್ದು ಯಾವುದೂ ಅದರಲ್ಲಿಲ್ಲ. ಯಾವ ಪ್ರೋಗ್ರಾಂ ಹೆಚ್ಚು ಎಳೆಯುತ್ತದೆ ಎಂದು ಹೋಲಿಸಿ ನೋಡಲು ಅದು ಬಲು ಒಳ್ಳೆಯದು. ಬಿಲ್ ಲೆಕ್ಕಕ್ಕೆ ಗೋಡೆಯಲ್ಲೇ ಅಳೆಯಬೇಕು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ಬ್ಯಾಟರಿಯಿಂದ ಹೋಗುವ ವ್ಯಾಟ್ ತೋರಿಸುವ ಸಾಫ್ಟ್‌ವೇರ್‌ಗಳಿವೆ. ಲಿನಕ್ಸ್‌ನಲ್ಲಿ ಪವರ್‌ಟಾಪ್ ಆ ಕೆಲಸ ಮಾಡುತ್ತದೆ. ಆ ಅಂಕಿ ಇಡೀ ಲ್ಯಾಪ್‌ಟಾಪಿನದು, ಪರದೆಯೂ ಸೇರಿ.

ಪ್ರಶ್ನೆ: ರಾತ್ರಿ ಸ್ಕ್ರೀನ್ ಸೇವರ್ ಹಾಕಿ ಬಿಟ್ಟರೆ ಕರೆಂಟು ಉಳಿಯುತ್ತದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಇಲ್ಲ. ಪರದೆ ಉರಿಯುತ್ತಲೇ ಇರುತ್ತದೆ, ಒಳಗೆ ಕೆಲಸವೂ ನಡೆಯುತ್ತಿರುತ್ತದೆ. 58 ವ್ಯಾಟ್ ಕಂಪ್ಯೂಟರ್ ರಾತ್ರಿ ಎಂಟು ಗಂಟೆ ಹೀಗೆ ಬಿಟ್ಟರೆ ತಿಂಗಳಿಗೆ 14 ಯೂನಿಟ್. ಸ್ಲೀಪ್ ಅಥವಾ ಶಟ್‌ಡೌನ್ ಮಾಡಿ. ಶಟ್‌ಡೌನ್ ಮಾಡಿದ ಮೇಲೂ ಒಂದೆರಡು ವ್ಯಾಟ್ ಹೋಗುತ್ತಿರುತ್ತದೆ, ಸ್ಪೈಕ್ ಗಾರ್ಡ್ ಸ್ವಿಚ್ ಆರಿಸಿದರೆ ಅದೂ ನಿಲ್ಲುತ್ತದೆ.

ಪ್ರಶ್ನೆ: ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮಗೆ 10 ಹಳೇ ಕಂಪ್ಯೂಟರ್ ದಾನವಾಗಿ ಬಂದಿವೆ. ಹಿಂದೆ ದಪ್ಪಗಿರುವ ಹಳೇ ಮಾನಿಟರ್‌ಗಳು, 17 ಇಂಚು. ಶಾಲೆಯಲ್ಲಿ 2 ಕೆವಿಎ ಯುಪಿಎಸ್ ಇದೆ. ಹತ್ತನ್ನೂ ಒಟ್ಟಿಗೆ ಹಾಕಬಹುದೇ?
– ಓದುಗರು, ಮಳವಳ್ಳಿ ತಾಲ್ಲೂಕು

ಉತ್ತರ: ಬೇಡ ಮೇಡಂ, ಹತ್ತು ಒಟ್ಟಿಗೆ ಬೇಡ. ಆ ಕಾಲದ ಡೆಸ್ಕ್‌ಟಾಪ್ ಒಂದಕ್ಕೆ 95 ವ್ಯಾಟ್, ಆ ಮಾನಿಟರ್‌ಗೆ 75 ಎಂದು ಹಿಡಿಯೋಣ. ಒಂದು ಜೋಡಿಗೆ 170 ಆಯಿತು. ಹತ್ತಕ್ಕೆ 1700 ವ್ಯಾಟ್. ಮೇಲಿನ ಉತ್ತರದಲ್ಲಿ ಹೇಳಿದ ಪವರ್ ಫ್ಯಾಕ್ಟರ್ 0.65 ಎಂದುಕೊಂಡರೆ ಇದು 2600 ವಿಎ ದಾಟುತ್ತದೆ. ನಿಮ್ಮ ಯುಪಿಎಸ್ 2000 ವಿಎಗೆ ನಿಲ್ಲುತ್ತದೆ. ಏಳು ಜೋಡಿ ಹಾಕಬಹುದು. ಅವನ್ನೂ ಒಂದಾದ ಮೇಲೊಂದು ಆನ್ ಮಾಡಿ, ಆ ಮಾನಿಟರ್‌ಗಳು ಆನ್ ಆಗುವ ಕ್ಷಣದಲ್ಲಿ ಜಾಸ್ತಿ ಕರೆಂಟು ಕೇಳುತ್ತವೆ. ದಾನಿಗಳು ಇನ್ನೂ ಸಿಗುವುದಾದರೆ ಹೊಸ ಕಂಪ್ಯೂಟರ್ ಕೇಳಬೇಡಿ, ಎಲ್‌ಇಡಿ ಮಾನಿಟರ್ ಕೇಳಿ. ಅವಕ್ಕೆ 20 ವ್ಯಾಟ್ ಸಾಕು. ಆಗ ಹತ್ತೂ ಸೇರಿ 1150 ವ್ಯಾಟ್, 1770 ವಿಎ. ಹತ್ತು ಮಕ್ಕಳು ಒಂದೇ ಪಿರಿಯಡ್‌ನಲ್ಲಿ ಕೂರಬಹುದು.

ಇವು ನನ್ನ ಅಂದಾಜು. ನಿಮ್ಮ ಶಾಲೆಯ ಅಂಕಿಯನ್ನು ಮಕ್ಕಳ ಕೈಲೇ ತೆಗೆಸಿ ಎಂದು ಕೇಳಿಕೊಳ್ಳುತ್ತೇನೆ. ಹತ್ತನೇ ತರಗತಿಯಲ್ಲಿ ವಿದ್ಯುತ್ ಪಾಠವೇ ಇದೆ, ಕಿಲೋವ್ಯಾಟ್ ಗಂಟೆ ಅಲ್ಲೇ ಬರುತ್ತದೆ. ಶಿವನಸಮುದ್ರ ಇರುವುದು ನಿಮ್ಮ ತಾಲ್ಲೂಕಿನಲ್ಲಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಅಲ್ಲಿಂದ. ಆ ನೆಲದ ಮಕ್ಕಳು ತಮ್ಮ ಶಾಲೆಯ ಮೀಟರ್ ಓದಲು ಕಲಿಯಬೇಕು ಎಂಬುದು ನನ್ನ ಆಸೆ. ಮೇಲೆ ಮಂಡ್ಯದವರಿಗೆ ಹೇಳಿದ ಮಿಣುಕು ಎಣಿಸುವ ಕ್ರಮವನ್ನೇ ಮಾಡಿಸಿ. ಯುಪಿಎಸ್ ಬಿಟ್ಟು ಒಂದು ಜೋಡಿಯನ್ನು ನೇರ ಸಾಕೆಟ್‌ಗೆ ಹಾಕಿ. ಮಕ್ಕಳು ಬೋರ್ಡ್ ಮುಟ್ಟಬಾರದು, ನಿಂತು ನೋಡಬೇಕು ಅಷ್ಟೇ. ಕೆಟ್ಟ ಮಾನಿಟರ್ ಇದ್ದರೆ ಬಿಚ್ಚಲು ಬಿಡಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಒಳಗೆ ಸಾವಿರಾರು ವೋಲ್ಟ್ ನಿಂತಿರಬಹುದು.

ಯುಪಿಎಸ್ ಹಿಂದಿನ ಲೇಬಲ್‌ನಲ್ಲಿ ವಿಎ ಜೊತೆ ವ್ಯಾಟ್ ಎಷ್ಟು ಎಂದು ಬರೆದಿರುತ್ತದೆ. ಮಕ್ಕಳ ಅಂಕಿಯ ಜೊತೆ ಅದನ್ನೂ ಬರೆದು ಕಳಿಸಿ. ಎಷ್ಟು ಜೋಡಿ ಹಾಕಬಹುದು ಎಂದು ಲೆಕ್ಕ ಮಾಡಿ ತಿಳಿಸುತ್ತೇನೆ.